ಅಕ್ಕನ ಮುಖಕ್ಕೆ ಮೂರು ಕಾಲದ ಬಣ್ಣ

ಒಂದು ಒಡಪು ಹೇಳುತ್ತೇನೆ, ಒಡೆಯಿರಿ ನೋಡೋಣ. ಬ್ಯಾಸಿಗೆಯಲ್ಲಿ ಕರಗುತ್ತದೆ, ಮಳೆಗಾಲದಲ್ಲಿ ಹಳದಿಯಾಗುತ್ತದೆ, ಚಳಿಗಾಲದಲ್ಲಿ ಬಿರಿಯುತ್ತದೆ, ಮೂರೂ ಕಾಲದಲ್ಲಿ ಚಹಾ ಕುಡಿದು ಎದ್ದು ಹೋಗುತ್ತದೆ. ಏನದು?

ನಿಮಗೆ ಬರುವುದಿಲ್ಲ ಬಿಡಿ. ಅರ್ಧ ಉತ್ತರ ನಮ್ಮಕ್ಕನ ಮುಖಕ್ಕೆ ಬಳಿದ ಬಣ್ಣ, ಉಳಿದರ್ಧ ಅದನ್ನು ನೋಡಲು ಬಂದ ಮಂದಿ. ಎರಡು ಉತ್ತರದ ಒಡಪು ಮೋಸ ಅಂತೀರಿ. ಹೆಣ್ಣು ನೋಡುವುದರಲ್ಲಿ ಮೋಸ ಇಲ್ಲವೇನು? ನಮ್ಮ ಮನೆಯಲ್ಲಂತೂ ಇಂಥದ್ದೊಂದು ಮುಗಿಯುವುದರೊಳಗೆ ಇನ್ನೊಂದು ಬಾಗಿಲಿಗೆ ಬಂದು ಕೆಮ್ಮುತ್ತಿತ್ತು.

ನಮ್ಮೂರು ಸುರಪುರದ ಮಗ್ಗುಲಿಗೆ. ಕುರಿ ಸಾಕುವ ಮನೆ. ನಾನು ನಾಲ್ಕನೇ ಜಮಾತಿನ ತನಕ ಉರ್ದು ಓದಿದ್ದೆ. ಅಷ್ಟರಲ್ಲಿ ನಿಜಾಮರ ರಾಜ್ಯ ಹೋಯಿತು. ಮಾಸ್ತರರು ಅಲಿಫ್ ಬಿಡು, ಅ ಆ ಹಿಡಿ ಅಂದರು. ನಾನು ಎರಡನ್ನೂ ಅರ್ಧರ್ಧ ಬಿಟ್ಟು ಕುರಿ ಹಿಡಿದೆ.

ಅಕ್ಕ ಕರಿ. ಹುಟ್ಟಿದ್ದೂ ಕರಿ, ಕುರಿ ಹಿಂದೆ ಬಿಸಿಲಲ್ಲಿ ತಿರುಗಿ ಇನ್ನಷ್ಟು ಕರಿ. ಬಂದ ಗಂಡುಗಳೆಲ್ಲ ಹಿಂದಕ್ಕೆ ಹೋಗುತ್ತಿದ್ದವು. ಆ ವರ್ಷ ಅಪ್ಪ ಖಡಾಖಂಡಿತ ಹೇಳಿಬಿಟ್ಟ: ಚಳಿಗಾಲ ಮುಗಿಯುವುದರೊಳಗೆ ಕೂಡಿ ಬರಲಿಲ್ಲವೆಂದರೆ ಬೋನಾಳದ ಎರಡನೇ ಸಂಬಂಧಕ್ಕೆ ಕೊಡುವುದೇ. ಬೋನಾಳದವನಿಗೆ ಹೆಂಡತಿ ಸತ್ತಿದ್ದಳು, ಮೂರು ಮಕ್ಕಳಿದ್ದವು, ನಮ್ಮಪ್ಪನನ್ನು ‘ಏನೋ’ ಎಂದು ಕರೆಯುವಷ್ಟು ವಯಸ್ಸಾಗಿತ್ತು. ಅಕ್ಕ ಆವತ್ತು ಉಣ್ಣಲಿಲ್ಲ.

ಅವಳನ್ನು ಬೆಳ್ಳಗೆ ಮಾಡುವ ಕೆಲಸವನ್ನು ಸೋದರತ್ತೆ ಹಿಡಿದಳು. ಹೈದರಾಬಾದಿನಲ್ಲಿ ಎರಡು ವರ್ಷ ಇದ್ದು ಬಂದವಳು. ಕಾಲಕ್ಕೊಂದು ಬಣ್ಣ ಎನ್ನುವುದು ಅವಳ ಶಾಸ್ತ್ರ. ಅಕ್ಕನ ಗದ್ದ ಹಿಡಿದು ಆಕಡೆ ಈಕಡೆ ತಿರುಗಿಸಿ ನೋಡಿ ಹೇಳಿದಳು: “ರಾಜ್ಯಾನೇ ಬದಲಾಗ್ಯದ, ಮಾರಿ ಬದಲಾಗಂಗಿಲ್ಲೇನು?”

೧. ಬ್ಯಾಸಿಗೆ

ಮೊದಲು ಬಂದವರು ಶಹಾಪುರದವರು. ಅತ್ತೆ ಹೈದರಾಬಾದಿನಿಂದ ತಂದ, ಮುಖಕ್ಕೆ ಹಚ್ಚುವ ಬಿಳಿ ಸ್ನೋ ತೆಗೆದಳು. ಬಿಸಿಲಿಗೆ ಅದು ಡಬ್ಬಿಯಲ್ಲೇ ಮಜ್ಜಿಗೆಯಾಗಿತ್ತು. ಒಂದು ಸಲ ಹಚ್ಚಿದಳು, ಬೆವರಿನ ಜೊತೆ ಇಳಿಯಿತು. ಎರಡನೇ ಸಲ ಹಚ್ಚಿದಳು, ಇಳಿಯಿತು. ಮೂರನೇ ಸಲಕ್ಕೆ ಅಕ್ಕನ ಕೈಗೆ ಬೀಸಣಿಕೆ ಕೊಟ್ಟು, ಉಸಿರು ಮೆಲ್ಲಗೆ ಆಡು ಅಂದಳು. ಮುಖ ಆಯಿತು, ಕುತ್ತಿಗೆ ಆಯಿತು, ಅಲ್ಲಿಗೆ ಆ ಡಬ್ಬಿ ಬರಿದಾಯಿತು.

ಅಕ್ಕ ಚಹಾದ ತಟ್ಟೆ ಹಿಡಿದು ಬಂದು ಹುಡುಗನ ತಾಯಿಯ ಮುಂದೆ ಬಗ್ಗಿದಳು. ಆ ಹೆಂಗಸು ಚಹಾ ಎತ್ತಿಕೊಳ್ಳಲಿಲ್ಲ. ಮೇಲೆ ನೋಡಿದಳು, ಕೆಳಗೆ ನೋಡಿದಳು, ಆಮೇಲೆ ನಮ್ಮವ್ವನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದಳು:

“ಮಾರಿ ನಿಮ್ಮ ಮಗಳ್ದು, ಖರೆ. ಈ ಕೈ ಯಾರವ್ರೀ?”

೨. ಮಳೆಗಾಲ

ಮಳೆಗಾಲಕ್ಕೆ ಅತ್ತೆ ಸ್ನೋ ಬಿಟ್ಟು ಅರಿಷಿಣ ಹಿಡಿದಳು. ಕಡ್ಲಿಹಿಟ್ಟು, ಹಾಲಿನ ಕೆನೆ, ಹಿಡಿಗಟ್ಟಲೆ ಅರಿಷಿಣ. ಈ ಸಲ ಕೈ ಮರೆಯಲಿಲ್ಲ. ಮೊಣಕೈ ತನಕ ಮೆತ್ತಿದಳು. ಒಂದು ತಿಂಗಳು ದಿನಾ ಮುಂಜಾನೆ ಇದೇ ಪೂಜೆ. ನಮ್ಮ ಮನೆಯ ಸಾರಿಗೆ ಅರಿಷಿಣ ಇಲ್ಲದೆ ಎಲ್ಲರೂ ಬಿಳಿ ಬ್ಯಾಳಿ ಉಂಡೆವು. ಹೊರಗೆ ಜಿಟಿಜಿಟಿ ಮಳೆ, ಬಿಸಿಲೇ ಇಲ್ಲ. ತೊಳೆದರೂ ಬಣ್ಣ ಹೋಗಲೊಲ್ಲದು.

ಹತ್ತಿಕುಣಿಯವರು ಬಂದರು. ಹುಡುಗನ ಅಜ್ಜ ಅಕ್ಕನನ್ನು ಹತ್ತಿರ ಕರೆದ. ಹೆಸರು ಕೇಳಲಿಲ್ಲ, ಅಡುಗೆ ಬರುತ್ತದೇನು ಎಂದು ಕೇಳಲಿಲ್ಲ. ಕೈ ತಿರುವಿ ಉಗುರು ನೋಡಿದ, ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿದ, ನಾಲಿಗೆ ತೆಗೆ ಅಂದ.

“ಕಾಮಣಿ ಆಗಿ ಎಷ್ಟು ದಿನ ಆತ್ರೀ?”

ಅವ್ವ ಕಾಮಾಲೆ ಅಲ್ಲ ಅಂದಳು, ಅತ್ತೆ ಆಣೆ ಮಾಡಿದಳು. ಅಜ್ಜ ಕೇಳಲಿಲ್ಲ. ತಿಂಥಣಿಯಲ್ಲಿ ಕಾಮಣಿಗೆ ಔಷಧಿ ಕೊಡುವವನ ಮನೆಯ ಗುರುತು ಹೇಳಿ ಹೋದ. ಒಳ್ಳೆಯ ಮಂದಿ. ಹೆಣ್ಣು ಒಲ್ಲೆವೆಂಬ ಸುದ್ದಿ ಬರಲು ಎಂಟು ದಿನ ಹಿಡಿಯಿತು, ಔಷಧಿ ಮಾತ್ರ ಮರುದಿನವೇ ಬಂತು. ಬೇವಿಗಿಂತ ಕಹಿ ಇತ್ತು. ಮನೆ ತನಕ ಬಂದದ್ದನ್ನು ಚೆಲ್ಲಬಾರದೆಂದು ಅತ್ತೆ ಅದನ್ನು ಅಕ್ಕನಿಗೆ ಕುಡಿಸಿದಳು.

೩. ಚಳಿಗಾಲ

ಇನ್ನು ಉಳಿದದ್ದು ಒಂದೇ ಗಂಡು. ಯಾದಗಿರಿಯ ಕಾಳಿನ ಅಡತಿ ಅಂಗಡಿಯ ಗುಮಾಸ್ತ. ಚಳಿಗೆ ಅಕ್ಕನ ಗಲ್ಲ ಎರೆಹೊಲದಂತೆ ಬಿರಿದಿತ್ತು. ಅತ್ತೆ ಕುರಿಬೆಣ್ಣೆ ಹಚ್ಚಿದಳು, ಅಕ್ಕನಿದ್ದ ಕೋಣೆಯೆಲ್ಲ ದೊಡ್ಡಿಯ ವಾಸನೆ ಹೊಡೆಯಿತು. ಕೊನೆಗೆ ಮತ್ತೆ ಸ್ನೋ ತರಿಸಿ, ಅಕ್ಕನಿಗೆಂದು ಒಳಗೊಂದು ಡಬ್ಬಿ ತೆಗೆದಿಟ್ಟಳು.

ನಾನೊಂದು ನೋಡಿಟ್ಟಿದ್ದೆ. ಬಸ್ಸಿನ ಧೂಳಲ್ಲಿ ಬಂದವರಿಗೆ ಕಾಲಿಗೆ ನೀರು, ಮುಖಕ್ಕೆ ಟವೆಲು ಕೊಟ್ಟು, ತಟ್ಟೆಯಲ್ಲಿ ಕನ್ನಡಿ, ಹಣಿಗೆ, ಸ್ನೋ ಡಬ್ಬಿ ಇಡುವುದು ಅತ್ತೆಯ ಹೈದರಾಬಾದಿ ರೀತಿ. ಹಿಂದೆ ಬಂದ ಇಬ್ಬರು ಗಂಡುಗಳೂ ಆ ಡಬ್ಬಿಗೆ ಎರಡು ಬೆರಳು ಹಾಕಿ ಮುಖ ತಿಕ್ಕಿಕೊಂಡು, ಆಮೇಲೆ ಕುಂತು ಅಕ್ಕನ ಬಣ್ಣಕ್ಕೆ ಹೆಸರಿಟ್ಟಿದ್ದರು. ಅದಕ್ಕೆ ನಾನು ಉಪ್ಪನ್ನು ನುಣ್ಣಗೆ ಅರೆದು ತಟ್ಟೆಯ ಡಬ್ಬಿಯಲ್ಲಿ ಕಲಸಿಟ್ಟೆ. ಕುರಿಮರಿಗೆ ಉಪ್ಪೆಂದರೆ ಜೀವ.

ಗುಮಾಸ್ತ ಬಂದ, ಅಕ್ಕನಿಗಿಂತ ಎರಡು ಪಾಲು ಕರಿ. ಸ್ನೋ ಬಳಿದುಕೊಂಡು ಗಾದಿಯ ಮೇಲೆ ಕುಂತ. ನಾನು ಹಿತ್ತಲಲ್ಲಿ ಮರಿಯ ಹಗ್ಗ ಬಿಚ್ಚಿದೆ. ಅದು ನೇರ ಬಂದು ಅವನ ತೊಡೆ ಹತ್ತಿ ಬಲಗಲ್ಲ ನೆಕ್ಕಲು ಶುರು ಮಾಡಿತು. ಬಲಗಲ್ಲ ಅಮಾವಾಸ್ಯೆ, ಎಡಗಲ್ಲ ಹುಣ್ಣಿಮೆ. ಅವನ ತಾಯಿ ಮರಿಯ ಕಾಲು ಹಿಡಿದು ಎಳೆದಳು, ಮರಿ ಹೆಗಲ ಮೇಲಿಂದ ಸುತ್ತಿ ಎಡಕ್ಕೆ ಬಂತು. ಅಪ್ಪ ಬಡಿಗೆ ಎತ್ತಿದ. ಚಹಾ ಹಿಡಿದು ನಿಂತಿದ್ದ ಅಕ್ಕ ಅಪ್ಪನನ್ನು ತಡೆದಳು.

“ಇರ್ಲಿ ಬಿಡಪ್ಪ, ಪೂರಾ ನೆಕ್ಕಲಿ. ಮಾರಿ ನೋಡಿ ಹೂಂ ಅಂತೀನೋ ಊಹೂಂ ಅಂತೀನೋ ಹೇಳ್ತೀನಿ.”

ಇದನ್ನು ಕೇಳಿ ಊರೆಲ್ಲ ಬಿದ್ದು ಬಿದ್ದು ನಗುತ್ತದೆ. ನೀವೂ ನಕ್ಕಿದ್ದರೆ ನಕ್ಕುಬಿಡಿ. ಮರಿ ಬರಲಿಲ್ಲ.

ಉಪ್ಪು ಕಲಸಿದ್ದು ಖರೆ. ಆದರೆ ಬಸ್ಸು ಲಗೂ ಬಂತು, ಗಡಿಬಿಡಿಯಲ್ಲಿ ಅತ್ತೆ ಒಳಗಿನ ಡಬ್ಬಿ ಸಿಗದೆ ತಟ್ಟೆಯ ಡಬ್ಬಿಯನ್ನೇ ಎತ್ತಿಕೊಂಡು ಅಕ್ಕನಿಗೆ ಹಚ್ಚಿದಳು. ಬಿರಿದ ಗಲ್ಲದ ಮೇಲೆ ಉಪ್ಪು. ಅಕ್ಕ ಚಹಾ ಕೊಟ್ಟಳು, ಕುಂತಳು, ಕಣ್ಣಿಂದ ನೀರು ಸುರಿಯುತ್ತಲೇ ಇತ್ತು, ಬಿಳಿಯ ನಡುವೆ ಕರಿ ಗೆರೆ ಇಳಿಯುತ್ತಲೇ ಇತ್ತು. ಹುಡುಗನ ತಾಯಿ ಒದ್ದೆ ಅರಿವೆ ತರಿಸಿದಳು. ಎಲ್ಲರ ಮುಂದೆ ಅಕ್ಕನ ಮುಖ ಒರೆಸಿ ನೋಡಿದಳು, ಅರಿವೆಯನ್ನು ಮಡಚಿ ಇಟ್ಟಳು, ಎದ್ದಳು.

ಯುಗಾದಿ ಮುಗಿಯುತ್ತಲೇ ಅಕ್ಕ ಬೋನಾಳಕ್ಕೆ ಹೋದಳು.

ಸ್ನೋದಲ್ಲಿ ಉಪ್ಪಿತ್ತೆಂದು ಗೊತ್ತಿದ್ದವರು ಇಬ್ಬರೇ, ಕಲಸಿದವನು ಮತ್ತು ಹಚ್ಚಿಸಿಕೊಂಡವಳು. ಅವಳು ಯಾರಿಗೂ ಹೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಕೇಳಿದ್ದರೆ ಎರಡು ಏಟು ತಿಂದು ಸುಮ್ಮನಾಗುತ್ತಿದ್ದೆ. ಕೇಳಲಿಲ್ಲ, ಅದಕ್ಕೆ ಮರಿಯ ಕತೆ ಕಟ್ಟಿ ಹೇಳಿದೆ. ಅದನ್ನು ಗುಮಾಸ್ತನ ತೊಡೆ ಹತ್ತಿಸಿದವನು ನಾನು, ಆ ಮಾತು ಅಕ್ಕನ ಬಾಯಲ್ಲಿ ಇಟ್ಟವನೂ ನಾನೇ. ಆವತ್ತು ಅವಳು ಒಂದು ಮಾತೂ ಆಡಲಿಲ್ಲ.