ಕಡಲ ತುಂಬಾ ಒಂದೇ ದೋಣಿ

ಮಗಳ ಮದುವೆಗೆ ನನ್ನ ಪಾಲಿನ ಚಿಂತೆಯನ್ನೆಲ್ಲ ನಾನು ಮುಂಚಿತವಾಗಿಯೇ ಮಾಡಿ ಮುಗಿಸಿದ್ದೆ. ಕರೆಂಟು ಹೋದರೆ? ಪಾಯಸ ತಳ ಹಿಡಿದರೆ? ಪುರೋಹಿತರ ಬೈಕು ಪಂಕ್ಚರ್ ಆದರೆ? ಉಳಿದಿದ್ದ ಒಂದೇ ಚಿಂತೆ ಹೆಂಡತಿಯದು. ನಾವುಂದದಲ್ಲಿರುವ ಅವಳ ಅಣ್ಣ ಶೇಖರ ಮತ್ತು ತಮ್ಮ ರಘು ಮೀನಿನ ದೋಣಿಗಳನ್ನು ಪಾಲು ಮಾಡಿಕೊಂಡ ದಿನದಿಂದ ಪರಸ್ಪರ ಮಾತಾಡಿರಲಿಲ್ಲ.

“ಇಬ್ರೂ ಒಂದೇ ಪಂಕ್ತಿಯಂಗೆ ಕೂತ್ ಉಂಡ್ರೆ ಸಾಕ್, ನಂಗೆ ಮತ್ತೆಂತ ಬ್ಯಾಡ,” ಎಂದಳು.

“ಅದನ್ ನಂಗೆ ಬಿಡ್,” ಎಂದೆ.

ಅನಾಹುತಕ್ಕೆ ಅಷ್ಟು ಸಾಕಾಯಿತು.

ಹೆಮ್ಮಾಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಆಗಷ್ಟೇ ಅನಿಮೇಷನ್ ಕಲಿಯುತ್ತಿದ್ದೆ. ನನ್ನ ಉಪಾಯ ಇಷ್ಟೇ: ಊಟದ ಹೊತ್ತಿಗೆ ಕಲ್ಯಾಣ ಮಂಟಪದ ಪರದೆಯ ಮೇಲೆ ಮದುಮಗಳು ಕಡಲಲ್ಲಿ ದಿಬ್ಬಣ ಬರಬೇಕು. ಎಡಬಲಕ್ಕೆ ಇಬ್ಬರು ಸೋದರಮಾವಂದಿರ ದೋಣಿ, ಯಾರೂ ಒಂದು ಗೇಣು ಮುಂದಿಲ್ಲ. ಹಿಂದೆ ನೆಂಟರ ದೋಣಿಗಳು. ಅಷ್ಟೂ ದೋಣಿ ಬಿಡಿಸುವ ಕಷ್ಟವಿಲ್ಲ. ಒಂದನ್ನು ಬಿಡಿಸಿ, ‘ಸಿಂಬಲ್’ ಎಂಬ ಅಚ್ಚು ಮಾಡಿ ಸಾಫ್ಟ್‌ವೇರಿನ ಲೈಬ್ರರಿಯಲ್ಲಿಟ್ಟರೆ, ಬೇಕಾದಷ್ಟು ಸಲ ಎಳೆದು ತಂದು ನೀರಿಗೆ ಬಿಡಬಹುದು.

“ಒಂದ್ಸಲ ಮಾಡಿಟ್ರೆ ಮುಗೀತ್. ಬೇಕಾದಾಗೆಲ್ಲ ಬತ್ತ್,” ಎಂದು ಹೆಂಡತಿಗೆ ಪಾಠ ಮಾಡಿದೆ.

ಆ ಸಿಂಬಲ್ಲನ್ನು ತಿದ್ದಿದರೆ ಅದರ ಪ್ರತಿಗಳೆಲ್ಲವೂ ಬದಲಾಗುತ್ತವೆ ಎಂದು ಅನಿಮೇಷನ್ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಪುಟವನ್ನು ನಾನು ಮದುವೆಯ ಮರುದಿನ ಓದಿದೆ.

ಮದುವೆಯ ಬೆಳಿಗ್ಗೆ ಶೇಖರ ಕಂಪ್ಯೂಟರಿನೊಳಗೆ ಇಣುಕಿದ. “ಭಾವಯ್ಯ, ನನ್ ದೋಣಿಗೆ ಹೆಸ್ರೇ ಇಲ್ಯಲೆ!”

ಹೌದಲ್ಲ! ಅವನ ದೋಣಿಯ ಮೇಲೆ ಡಬಲ್ ಕ್ಲಿಕ್ ಮಾಡಿ ‘ಜಲದುರ್ಗ’ ಎಂದು ಬರೆದೆ. ಅಷ್ಟರಲ್ಲಿ ಯಾರೋ ಮುಹೂರ್ತಕ್ಕೆ ಕೂಗಿದರು. ಓಡಿದೆ.

ಊಟಕ್ಕೆ ಅಣ್ಣತಮ್ಮ ಒಂದೇ ಪಂಕ್ತಿಯಲ್ಲಿ ಕೂತರು. ನಡುವೆ ನಾಲ್ಕು ಜನ ತಡೆಗೋಡೆ. ಹೆಂಡತಿಯ ಮುಖ ಅರಳಿತು. ನಾನು ಗಂಭೀರವಾಗಿ ಅನಿಮೇಷನ್ ಹಾಕಿದೆ.

ಕಡಲ ತುಂಬಾ ದೋಣಿಗಳು ತೇಲಿ ಬಂದವು. ಎಲ್ಲವೂ ‘ಜಲದುರ್ಗ’!

ರಘು ಸಾರನ್ನದ ಕೈ ಮೇಲೆತ್ತಿಕೊಂಡೇ ಎದ್ದು ನಿಂತ. “ನನ್ ದೋಣಿಯೂ ಅವ್ರದ್ದೇ ಆಯ್ತಾ? ಪಾಲ್ ಮಾಡ್ದ್ ಎಂತಕೆ ಹಾಂಗಾರೆ?”

“ಹ್ವಾಯ್, ಬೇಗ ಸರಿ ಮಾಡಿ!” ಎಂದು ಹೆಂಡತಿ ಕೂಗಿದಳು.

ರಘುವಿನ ದೋಣಿಯನ್ನು ಕ್ಲಿಕ್ ಮಾಡಿ, ಹೆಸರು ಅಳಿಸಿ ‘ಮತ್ಸ್ಯಶ್ರೀ’ ಎಂದು ಬರೆದೆ. ಮತ್ತೆ ಹಾಕಿದೆ. ಈಗ ಇಡೀ ಕಡಲು ‘ಮತ್ಸ್ಯಶ್ರೀ’!

ಶೇಖರನೂ ಎದ್ದ. ಇಬ್ಬರೂ ಎಂಜಲು ಕೈಯಲ್ಲೇ ನನ್ನತ್ತ ಬಂದರು. ಹೆಂಡತಿ ಕಣ್ಣು ಮುಚ್ಚಿಕೊಂಡಳು. ನಾನೂ ಮುಚ್ಚಿಕೊಂಡೆ.

“ರಘೂ,” ಎಂದ ಶೇಖರ, ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ. “ಭಾವಯ್ಯನಿಗೆ ಈ ಕೆಲ್ಸ ಬತ್ತಿಲ್ಲೆ ಅಲ್ದಾ?”

“ಬತ್ತಿಲ್ಲೆ ಅಣ್ಣ. ನಂಗೆ ಮೊದ್ಲೇ ಸಂಶಯ ಇತ್ತ್.”

“ಬಾ, ಪಾಯಸ ತಣ್ಗಾತ್ತ್.”

ಇಬ್ಬರೂ ಹೋಗಿ ಪಕ್ಕಪಕ್ಕದಲ್ಲಿ ಕೂತು, ನನ್ನನ್ನು ಬೈಯುತ್ತ ಎರಡೆರಡು ಸಲ ಪಾಯಸ ಹಾಕಿಸಿಕೊಂಡರು.

ಈಗ ಅವರು ಒಟ್ಟಿಗೇ ನಮ್ಮಲ್ಲಿಗೆ ಬರುತ್ತಾರೆ. ಮಾತಿಗೆ ವಿಷಯ ಸಾಲದಾದಾಗ ಒಬ್ಬ ‘ದೋಣಿ’ ಎನ್ನುತ್ತಾನೆ, ಇನ್ನೊಬ್ಬ ನನ್ನ ಮುಖ ನೋಡುತ್ತಾನೆ, ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ಒಂದು ಸಲ ಮಾಡಿಟ್ಟರೆ ಬೇಕಾದಾಗೆಲ್ಲ ಬರುತ್ತದೆ ಎಂದು ಪಾಠ ಮಾಡಿದವನು ನಾನೇ ತಾನೆ? ನಾವುಂದದವರ ಲೈಬ್ರರಿಯಲ್ಲಿ ಈಗ ಇರುವ ಸಿಂಬಲ್ ನಾನು.