ಟೇಪಿಗೆ ಸುತ್ತಿದ ಟೇಪು

೧೯೮೭ನೇ ಇಸವಿ ಅಕ್ಟೋಬರ್ ಹನ್ನೆರಡು, ಸೋಮವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕದ ಕಿರುಗಾಲುವೆಯಲ್ಲಿ, ಮೊಣಕಾಲು ಮುಳುಗುವ ನೀರಿನಲ್ಲಿ ನಿಂತು, ಜೂನಿಯರ್ ಇಂಜಿನಿಯರ್ ಅಮರಪ್ಪ ತನ್ನ ಕೈಚೀಲದೊಳಗೆ ಕೈ ಹಾಕಿದ. ಪೆನ್ನು ಸಿಕ್ಕಿತು, ಅಡಿಕೆ ಡಬ್ಬಿ ಸಿಕ್ಕಿತು, ನಿನ್ನೆ ತಿಂದು ಉಳಿಸಿದ್ದ ಅರ್ಧ ಸಜ್ಜೆ ರೊಟ್ಟಿಯೂ ಸಿಕ್ಕಿತು. ಟೇಪು ಮಾತ್ರ ಸಿಗಲಿಲ್ಲ.

ಟೇಪು ಇಲ್ಲದೆ ಆ ದಿನ ನಡೆಯುವಂತಿರಲಿಲ್ಲ. ಕಾಲುವೆಯ ಕೊನೆಗೆ ನೀರೇ ಬರುವುದಿಲ್ಲವೆಂದು ರೈತರು ತಕರಾರು ಎತ್ತಿದ್ದರು. ಹನ್ನೊಂದಕ್ಕೆ ಸಚಿವರು ಬಂದು, ಎಲ್ಲರ ಕಣ್ಣೆದುರು ನೀರಿನ ಆಳ ಅಳೆಸುವವರಿದ್ದರು. ಗೋಡೆಗೆ ಬರೆದಿದ್ದ ಅಳತೆಯ ಅಂಕಿಗಳನ್ನು ಯಾವುದೋ ಎಮ್ಮೆ ಮೈ ತಿಕ್ಕಿ ತಿಕ್ಕಿ ಅಳಿಸಿ ಹಾಕಿತ್ತು. ಅರವತ್ತು ಸೆಂಟಿಮೀಟರ್ ತೋರಿಸಿದರೆ ಇಲಾಖೆಯ ಮಾನ ಉಳಿಯುತ್ತಿತ್ತು. ಅಮರಪ್ಪನ ಪಾಲಿಗೆ ಮಾನಕ್ಕಿಂತ ದೊಡ್ಡದೊಂದು ಅದರ ಬೆನ್ನಿಗಿತ್ತು. ಅವನ ಮೇಲಧಿಕಾರಿ ಈಶಪ್ಪ ಸಾಹೇಬರು ಹಿಂದಿನ ದಿನ ಹೇಳಿದ್ದರು: "ನಾಳಿ ಎಲ್ಲಾ ಸುಸೂತ್ರ ಆತಂದ್ರ ನಿನ್ನ ನಾರಾಯಣಪುರದ ವರ್ಗಾ ಗ್ಯಾರಂಟಿ ತಿಳಿ."

ನಾರಾಯಣಪುರದ ಅಣೆಕಟ್ಟಿನ ಹತ್ತಿರದ ಪ್ರಯೋಗಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿ ಫ್ಯಾನಿತ್ತು, ಕಿಟಕಿಯಿಂದ ಕಾಣುವ ಕೃಷ್ಣೆ ಇತ್ತು. ಅಲ್ಲಿಯ ಕಾಲುವೆ ಗಾಜಿನದು, ಪ್ರಯೋಗಕ್ಕೆಂದು ಮೇಜಿನ ಮೇಲೆ ಇಟ್ಟದ್ದು. ಎಮ್ಮೆ ಇಳಿಯುವ ಭಯವಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ ವಿಚಾರ ಮಾಡಲು ಪುರುಸೊತ್ತಿತ್ತು. ವಿಚಾರ ಮಾಡುವುದು ಅಮರಪ್ಪನಿಗೆ ಅಂಟಿದ ಚಟ.

ಈ ಚಟವನ್ನು ಮೊದಮೊದಲು ಅವನು ಹೆಂಡತಿ ದೇವಕಮ್ಮನ ಮೇಲೆ ತೀರಿಸಿಕೊಳ್ಳುತ್ತಿದ್ದ. ಅವಳು ಒಂದು ದಿನ, "ರೊಟ್ಟಿ ಬಡಿಯೂಮುಂದ ನನಗ ವಿಜ್ಞಾನ ಹೇಳಬ್ಯಾಡ್ರಿ, ರೊಟ್ಟಿ ಹರಿತಾವ" ಎಂದ ಮೇಲೆ, ಮನೆಯ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡತೊಡಗಿದ. ವಿಜ್ಞಾನ, ಇಂಜಿನಿಯರಿಂಗು, ರಾಜಕೀಯ, ಸಿನಿಮಾ ಹಾಡು, ಈ ನಾಲ್ಕೂ ಒಂದೇ ನೀರಿನ ನಾಲ್ಕು ಕವಲು ಎಂಬುದು ಅವನ ಸಿದ್ಧಾಂತ. ಟೇಪ್ ರೆಕಾರ್ಡರು ನಡುವೆ ಮಾತಾಡುತ್ತಿರಲಿಲ್ಲ, ಆಕಳಿಸುತ್ತಿರಲಿಲ್ಲ. ದೇವಕಮ್ಮನ ಹಾಡಿನ ಕ್ಯಾಸೆಟ್ಟು ಹೀಗೆ ಒಂದೊಂದೇ ಹಾಡಾಗಿ ಅಳಿಸಿ ಹೋಗಿ, ಅಮರಪ್ಪನಿಂದ ತುಂಬಿಕೊಂಡಿತ್ತು. ಅವಳಿಗೆ ಇದಿನ್ನೂ ಗೊತ್ತಿರಲಿಲ್ಲ.

"ಮೌಲಾಲಿ!" ಅಮರಪ್ಪ ದಂಡೆಯ ಮೇಲೆ ಬೀಡಿ ಸೇದುತ್ತಿದ್ದ ಜೀಪಿನ ಡ್ರೈವರನನ್ನು ಕೂಗಿದ. "ಲಗೂನ ಭೀಮರಾಯನಗುಡಿಗಿ ಹೋಗು. ನಮ್ಮ ಮನ್ಯಾಗ ಟೇಬಲ್ ಮ್ಯಾಲ ಟೇಪ್ ಐತಿ, ತೊಗೊಂಡು ಬಾ."

"ಟೇಪ್ ಅಷ್ಟೇನ್ರಿ ಸಾರ್?"

"ಅಷ್ಟ. ಅದಿಲ್ಲಂದ್ರ ನನ್ನ ಬಾಳೇವು ಮುಗೀತು."

ಮೌಲಾಲಿ ಇಪ್ಪತ್ತು ವರ್ಷದ ಸರ್ವಿಸಿನ ಮನುಷ್ಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕ್ಯಾಂಪಿನ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು, "ಅಕ್ಕಾರ, ಸಾರ್ ಟೇಪ್ ತರಾಕ ಹೇಳ್ಯಾರ್ರಿ" ಎಂದ.

ಮೇಜಿನ ಮೇಲೆ ಟೇಪ್ ರೆಕಾರ್ಡರಿತ್ತು. ಅದರ ಮೇಲೆ ಅಮರಪ್ಪ ಮರೆತುಹೋದ, ಬಟ್ಟೆಯಿಂದ ಮಾಡಿದ ಅಳತೆ ಟೇಪೂ ಇತ್ತು. ದೇವಕಮ್ಮ ಎರಡನ್ನೂ ನೋಡಿದಳು. "ಯಾವ ಟೇಪೋ ಯಪ್ಪಾ?"

ಮೌಲಾಲಿ ಬಾಯಿ ತೆರೆಯುವುದರೊಳಗೆ ಪಕ್ಕದ ಮನೆಯ ಸರ್ವರಬೇಗಂ ಗೋಡೆಯ ಮೇಲಿಂದ ತಲೆ ಹಾಕಿದಳು. ಕ್ಯಾಂಪಿನಲ್ಲಿ ಯಾರ ಮನೆಯ ಪ್ರಶ್ನೆಗಾದರೂ ಮೊದಲ ಉತ್ತರ ಅವಳದೇ. "ಅಯ್ಯೋ ದೇವಕ್ಕಾ, ಮಂತ್ರಿ ಬರೂ ಜಲಸಾಕ್ಕ ಇಂಚಿನ ಪಟ್ಟಿ ತೊಗೊಂಡು ಏನ್ ಮಾಡ್ತಾರ? ಮಂತ್ರಿಗೇನು ಅಂಗಿ ಹೊಲಿಸ್ತಾರೇನು? ಹಾಡಿನ ಟೇಪ ಕೇಳಿರ್ತಾರ."

"ಅದೂ ಖರೇನ ಆಪಾ. ಆದ್ರ ಅದರ ಸೆಲ್ ಇಳದಾವ. ಮುಂಜಾನಿಂದ ಬಿಸಲಾಗ ಇಟ್ಟೀನಿ."

ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕ ಒಣಗುತ್ತಿದ್ದ ಸೆಲ್ಲುಗಳನ್ನು ತಂದು ಹಾಕಿದರು. ಸೆಲ್ಲಿನ ಮುಚ್ಚಳದ ಕೊಂಡಿ ಮುರಿದಿತ್ತು; ಜೀಪಿನ ಕುಲುಕಾಟಕ್ಕೆ ಸೆಲ್ಲು ಉದುರಬಾರದಲ್ಲ? ದೇವಕಮ್ಮ ಸುತ್ತ ನೋಡಿ, ಕೈಗೆ ಸಿಕ್ಕ ಅಳತೆಯ ಟೇಪನ್ನೇ ರೆಕಾರ್ಡರಿಗೆ ನಾಲ್ಕು ಸುತ್ತು ಸುತ್ತಿ, ಬಾಣಂತಿಗೆ ಹೊಟ್ಟೆ ಕಟ್ಟಿದ ಹಾಗೆ ಬಿಗಿದು ಕೊಟ್ಟಳು.

"ನನ್ನ ಹಾಡಿನ ಕ್ಯಾಸೆಟ್ ಒಳಗ ಐತಿ, ಜ್ವಾಕಿ!"

ಕಾಲುವೆಯ ದಂಡೆಯಲ್ಲಿ ಆಗ ಮೈಕ್‌ಸೆಟ್ಟಿನ ಬಾಷುಮಿಯಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅವನ ಪ್ಲೇಯರು ಇದ್ದ ಒಂದೇ ಕ್ಯಾಸೆಟ್ಟಿನ ಸುರುಳಿಯನ್ನು ಶಾವಿಗೆಯಂತೆ ನುಂಗಿ ಕೂತಿತ್ತು. ಸಚಿವರು ಬರುವ ಸಮಾರಂಭದಲ್ಲಿ ಹಾಡಿಲ್ಲದಿದ್ದರೆ ಶಾಮಿಯಾನಾಕ್ಕೂ ಸಂತೆಗೂ ಏನು ವ್ಯತ್ಯಾಸ? ಅಷ್ಟರಲ್ಲಿ ಮೌಲಾಲಿ ಟೇಪ್ ರೆಕಾರ್ಡರನ್ನು ಕೂಸಿನಂತೆ ಎತ್ತಿಕೊಂಡು ಇಳಿದ.

"ಸುಭಾನಲ್ಲಾ! ಅಮರಪ್ಪ ಸಾಹೇಬ್ರು ಕಳಿಸಿದ್ರೇನು?"

"ಹೌದು. ಇದಿಲ್ಲಂದ್ರ ಬಾಳೇವು ಮುಗೀತು ಅಂದ್ರು."

"ನಂದೂ ಮುಗದಿತ್ತು ಬಿಡು" ಎಂದ ಬಾಷುಮಿಯಾ, ಸುತ್ತಿದ್ದ ಅಳತೆಯ ಟೇಪು ಬಿಚ್ಚಿ ಪಕ್ಕಕ್ಕೆ ಒಗೆದು, ವೈರು ಜೋಡಿಸಿ ಬಟನ್ ಒತ್ತಿದ.

ಅದೇ ಹೊತ್ತಿಗೆ ಕಾರುಗಳು ಬಂದವು. ಅಮರಪ್ಪ ಇನ್ನೂ ಕಾಲುವೆಯ ನೀರಿನಲ್ಲೇ ಇದ್ದ. "ಮಂತ್ರಿಗಳು ಬರೂತನಕ ನೀರಾಗಿಂದ ಮಿಸುಕಬ್ಯಾಡ, ಕೆಲಸ ಮಾಡಾಕತ್ತಂಗ ಕಾಣಬೇಕು" ಎಂದು ಈಶಪ್ಪ ಸಾಹೇಬರ ಅಪ್ಪಣೆಯಾಗಿತ್ತು. ಸಾಹೇಬರು ತಾವು ದಿನವಿಡೀ ತೆಗೆಯದ ಕಪ್ಪು ಚಸ್ಮಾವನ್ನು ಗೌರವಕ್ಕೆಂದು ತೆಗೆದು ಜೇಬಿಗಿಳಿಸಿ, ಹಾರ ಹಿಡಿದು ಓಡಿದರು. ಸಚಿವರು ತಮ್ಮ ಕಪ್ಪು ಚಸ್ಮಾವನ್ನು ತೆಗೆಯದೆಯೇ ಕೊರಳೊಡ್ಡಿದರು.

ಬೇವಿನ ಮರಕ್ಕೆ ಕಟ್ಟಿದ್ದ ಮೈಕಿನ ಕಹಳೆ ಕೆಮ್ಮಿತು. ಆಮೇಲೆ ಮಾತಾಡಿತು.

"ಸಿನಿಮಾ ಹಾಡಿನ್ಯಾಗ ಪಲ್ಲವಿ ಅಂದ್ರ ದೊಡ್ಡ ಕಾಲುವಿ. ಚರಣ ಅಂದ್ರ ಕವಲು. ಎಷ್ಟು ದೂರ ಹರಿದ್ರೂ ಹಾಡು ಪಲ್ಲವಿಗೆ ವಾಪಸ್ ಬರ್ತದ..."

ಅಮರಪ್ಪನ ಕಾಲಡಿಯ ನೀರು ಐಸಾದಂತಾಯಿತು. ಮಾತು ತನ್ನದು. ಆದರೆ ದನಿ? ಅವನ ದನಿ ತೆಳ್ಳಗೆ, ಬಾಗಿಲ ಸಂದಿಯ ಗಾಳಿಯಂಥದು. ಇದು ಕೊಡದೊಳಗಿಂದ ಬಂದಂಥ ದಪ್ಪ ದನಿ. ಕಾರಣ ಹೊಳೆಯಲು ವಿಜ್ಞಾನ ಬಲ್ಲ ಇಂಜಿನಿಯರನಿಗೆ ಹೊತ್ತು ಬೇಕಾಗಲಿಲ್ಲ: ಸೆಲ್ಲು ಇಳಿದಿದೆ, ಮೋಟಾರು ನಿಧಾನ ತಿರುಗುತ್ತಿದೆ, ದನಿ ಕೆಳಗಿಳಿದಿದೆ. ಅದು ಇಳಿದು ಎಲ್ಲಿಗೆ ಬಂದು ನಿಂತಿದೆ ಎಂಬುದೂ ಮರುಗಳಿಗೆ ಹೊಳೆಯಿತು. ಅದು ಅಕ್ಷರಶಃ ಈಶಪ್ಪ ಸಾಹೇಬರ ದನಿ.

ಅವನು ದಂಡೆ ಹತ್ತಲು ಹೋದ. ಪಾಚಿಗಟ್ಟಿದ ಕಲ್ಲು ಅವನನ್ನು ಕೂರಿಸಿ ಜಾರಿಸಿ ವಾಪಸು ನೀರಿಗೆ ಇಳಿಸಿತು. ಕಾಲುವೆಯ ಕೊನೆಯ ಹೊಲದ ತಿಮ್ಮಣ್ಣ ದಂಡೆಯ ಮೇಲಿಂದ ಬಗ್ಗಿ, "ಸುಮ್ ನಿಂದರ್ರಿ ಇಂಜನೇರ್ರ, ಯಾರೋ ಶಾಣ್ಯಾ ಮನಷ್ಯಾ ಮಾತಾಡಾಕತ್ತಾನ, ಕೇಳೂನು" ಎಂದ.

"ಬಂದ್ ಮಾಡೋ! ಬಾಷುಮಿಯಾ, ಬಂದ್ ಮಾಡೋ!" ಅಮರಪ್ಪ ಎದೆ ಬಿರಿಯುವಂತೆ ಕೂಗಿದ.

ಬಾಷುಮಿಯಾ ಕಹಳೆಯ ಬುಡದಲ್ಲಿದ್ದ, ಅವನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಮೇಲುಗಡೆ ಗೇಟಿನ ಹತ್ತಿರ ಕೂತಿದ್ದ ಸೂಗಪ್ಪನಿಗೆ. ಅವನು ಕಾಲುವೆಯ ಗೇಟು ಕಾಯುವವನು. ಇಂಜಿನಿಯರು ನೀರಿನಲ್ಲಿ ನಿಂತು ಕೈ ಬೀಸಿ "ಬಂದ್ ಮಾಡೋ" ಎಂದರೆ ಏನನ್ನು ಬಂದ್ ಮಾಡಬೇಕೆಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಎದ್ದು, ತಲೆಗೆ ಟವೆಲು ಸುತ್ತಿ, ಗೇಟಿನ ಹ್ಯಾಂಡಲು ತಿರುಗಿಸತೊಡಗಿದ.

ಕಹಳೆ ಹೇಳುತ್ತಿತ್ತು: "ವಿಜ್ಞಾನದಾಗ ಒಂದು ಮಾತು ಖರೇ ಅನ್ನಾಕ ಸಾವಿರ ಸಲ ಅಳೀಬೇಕು. ರಾಜಕೀಯದಾಗ ಸಾವಿರ ಸಲ ಹೇಳಿದ್ರ ಸಾಕು."

ಜನ ಚಪ್ಪಾಳೆ ತಟ್ಟಿದರು. ಸಚಿವರು ಒಂದು ಕ್ಷಣ ಯೋಚಿಸಿ ಗಹಗಹಿಸಿ ನಕ್ಕರು. "ಬರೋಬ್ಬರಿ! ಹಿಂದಿನ ಸರಕಾರದವ್ರಿಗೆ ಸರಿಯಾಗಿ ಬಾರಿಸ್ಯಾನ. ಯಾರದ್ರೀ ಇದು ದನಿ?"

ಎಲ್ಲರೂ ಈಶಪ್ಪ ಸಾಹೇಬರ ಕಡೆ ನೋಡಿದರು. ಸಾಹೇಬರೂ ಕಿವಿಗೊಟ್ಟು ಕೇಳಿದರು. ಇಂಥ ವಿಚಾರ ತಮ್ಮ ತಲೆಗೆ ಎಂದು ಬಂದಿತ್ತೋ ನೆನಪಾಗಲಿಲ್ಲ. ಆದರೆ ದನಿ ತಮ್ಮದೇ, ಸಂಶಯವಿಲ್ಲ. ಮೆಚ್ಚುಗೆ ಮನೆ ಬಾಗಿಲಿಗೆ ಬಂದಾಗ ವಿಳಾಸ ತಪ್ಪಾಗಿದೆ ಎನ್ನುವ ಪೈಕಿ ಅವರಲ್ಲ.

"ನಂದ ಸರ್" ಎಂದು ನಾಚಿದರು. "ಸುಮ್ಮ ಪುರಸೊತ್ತಿನ್ಯಾಗ... ಒಂದೀಟು ವಿಚಾರ ಮಾಡಿದ್ದು."

"ಭಾಳ ಛಲೋ! ಮುಂದ ಕೇಳೂನು."

ನೀರಿನಲ್ಲಿದ್ದ ಅಮರಪ್ಪ ಕಣ್ಣು ಮುಚ್ಚಿದ. ಮುಂದೆ ಏನಿದೆ ಎಂಬುದು ಆ ಬಯಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

"ಇನ್ನ ನಮ್ಮ ಸಾಹೇಬರ ಸುದ್ದಿ" ಎಂದಿತು ಕಹಳೆ. "ನಮ್ಮ ಸಾಹೇಬರು ಅಂದ್ರ ಹಾರ್ಮೋನಿಯಂ ಪೆಟಗಿ. ತಮ್ಮದಂತ ಒಂದು ರಾಗ ಇಲ್ಲ. ಮಂದಿ ಎಲ್ಲಿ ಒತ್ತತಾರ ಅಲ್ಲಿ ಒದರ್ತಾರ. ಕರಿ ಚಸ್ಮಾ ಹಾಕ್ಕೊಂಡು ಕಾಲುವಿ ನೋಡಾಕ ಬರ್ತಾರ. ಆ ಚಸ್ಮಾದಾಗ ನೋಡಿದ್ರ ಬತ್ತಿದ ಕಾಲುವಿನೂ ತಂಪಾಗಿ ಕಾಣತದ..."

ನಗಲು ತೆರೆದ ಬಾಯಿಗಳು ಹಾಗೇ ನಿಂತವು. ಶಾಮಿಯಾನಾದ ತುಂಬ ಕಪ್ಪು ಚಸ್ಮಾ ಹಾಕಿಕೊಂಡವರು ಒಬ್ಬರೇ ಇದ್ದರು. ಜನರ ಕಣ್ಣು ಮೆಲ್ಲಗೆ ಅತ್ತ ಹೊರಳಿತು. ಸಚಿವರು ಚಸ್ಮಾ ತೆಗೆದರು.

"ಈಶಪ್ಪನೋರ, ನಿಮ್ಮ ಸಾಹೇಬ್ರು ಅಂದ್ರ ಯಾರು?"

ಈಶಪ್ಪ ಸಾಹೇಬರ ಕೈ ಜೇಬಿನಲ್ಲಿದ್ದ ತಮ್ಮ ಚಸ್ಮಾವನ್ನು ಅಮುಕಿತು. "ಅದು... ಆ ದನಿ ನಂದಲ್ಲ ಸರ್..."

"ಈಗ ನಂದ ಅಂದ್ರಿ?"

ಸೆಲ್ಲು ಅಲ್ಲಿಗೆ ಪೂರ್ತಿ ಮುಗಿಯಿತು. ಕಹಳೆ ದೊಡ್ಡದಾಗಿ ನರಳಿ ಸುಮ್ಮನಾಯಿತು. ಅಮರಪ್ಪನ ಎದೆಯಲ್ಲಿ ನಾರಾಯಣಪುರದ ಗಾಜಿನ ಕಾಲುವೆ ಬಿರುಕು ಬಿಡುತ್ತಿತ್ತು. ಒಪ್ಪಿಕೊಂಡರೆ ನೌಕರಿ ಹೋದೀತು. ಒಪ್ಪಿಕೊಳ್ಳದಿದ್ದರೆ ವರ್ಗಾವಣೆಯ ಮಾತು ಕೊಟ್ಟ ಮನುಷ್ಯನೇ ಹೋಗುತ್ತಾನೆ. ಹೇಗೂ ಒದ್ದೆಯಾಗಿದೆ ಎಂದುಕೊಂಡು ಅವನು ಧೈರ್ಯ ಮಾಡಿದ.

"ಸರ್, ಆ ಟೇಪ್ ನಂದ್ರಿ!"

ಸಚಿವರು ಕಾಲುವೆಯ ಕಡೆ ತಿರುಗಿದರು. ಮೈಯೆಲ್ಲ ಕೆಸರಾಗಿ, ಕೈ ಕಟ್ಟಿಕೊಂಡು ನಿಂತ ಆಕೃತಿಯನ್ನು ನೋಡಿ ಅವರ ಮುಖ ಸಡಿಲಾಯಿತು. "ಟೇಪ್ ನಿಂದಾದ್ರ ಕೈಯಾಗ ಹಿಡಕೋಬೇಕಪ್ಪ, ಅಳತಿ ಮಾಡಾಕ ನಿಂತಾವ! ಯಾರರ ಕೊಡ್ರಿ ಅವಂಗ."

ಬಾಷುಮಿಯಾ ನೆಲದ ಮೇಲೆ ಬಿದ್ದಿದ್ದ ಅಳತೆಯ ಟೇಪನ್ನು ಹುಡುಕಿ ತಂದು, ಭಕ್ತಿಯಿಂದ ಅಮರಪ್ಪನ ಕೈಗೆ ಕೊಟ್ಟ.

"ನೋಡ್ರಿ" ಎಂದರು ಸಚಿವರು ತಮ್ಮ ಆಪ್ತ ಕಾರ್ಯದರ್ಶಿಗೆ. "ಮುಂಜಾನಿಂದ ನೀರಾಗ ನಿಂತಾನ ಇವ. ಇಂಥಾವ್ನ ಇಲ್ಲಿಂದ ಎಲ್ಲೂ ಕದಲಸಬಾರದು. ರಿಟೈರ್ ಆಗೂತನಕ ಇದ ಕಾಲುವಿ ಮ್ಯಾಲ ಇರ್ಲಿ. ಈಶಪ್ಪನೋರಿಗೆ ವಿಚಾರ ಭಾಳ ಬರ್ತಾವ, ಅವ್ರಿಗೆ ಎಲ್ಲರ ತಣ್ಣಗ ಕುಂದ್ರೂ ಜಾಗ ಐತೇನು?"

ಕಾರ್ಯದರ್ಶಿ ಡೈರಿ ತಿರುವಿದ. "ನಾರಾಯಣಪುರದ ಪ್ರಯೋಗಶಾಲೆ ಖಾಲಿ ಐತ್ರಿ ಸರ್."

"ಹಾಂ, ಅಲ್ಲಿಗೆ ಹಾಕ್ರಿ. ವಿಚಾರ ಮಾಡ್ಕೋತ ಕುಂದರ್ಲಿ."

ಅದು ಯಾವ ದರ್ಜೆಯ ಹುದ್ದೆ ಎಂದು ಸಚಿವರು ಕೇಳಲಿಲ್ಲ, ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ತಿಮ್ಮಣ್ಣ ಬಗ್ಗಿ ಅಮರಪ್ಪನ ಭುಜ ತಟ್ಟಿದ. "ಗೆದ್ರಿ ಬಿಡ್ರಿ ಇಂಜನೇರ್ರ! ಇನ್ನ ನಿಮ್ಮನ್ನ ಯಾರೂ ಅಲ್ಲಾಡಸಂಗಿಲ್ಲ."

"ಹೂಂ, ಅಳೀರಿ ಇನ್ನ" ಎಂದರು ಸಚಿವರು.

ಅಮರಪ್ಪ ಟೇಪು ಬಿಚ್ಚಿ ಕೆಳಗೆ ನೋಡಿದ. ಮೊಣಕಾಲು ಕಾಣುತ್ತಿತ್ತು. ಮೀನಖಂಡ ಕಾಣುತ್ತಿತ್ತು. ಮೇಲುಗಡೆ ಸೂಗಪ್ಪ ಗೇಟಿನ ಪಕ್ಕ ನಿಂತು, ಹಣೆಯ ಬೆವರು ಒರೆಸಿಕೊಂಡು, ಕೆಲಸ ಮುಗಿಯಿತೆಂದು ಕೈ ಎತ್ತಿ ತೋರಿಸಿದ.

ನೀರಿನ ಆಳ ಹನ್ನೊಂದು ಸೆಂಟಿಮೀಟರ್.