ಹಗುರದ್ದು, ಭಾರದ್ದು, ಬೇಗ ಸಾಯುವುದು

ಶಿರಸಿಯಲ್ಲಿ ನನ್ನದೊಂದು ಪುಟ್ಟ ಬ್ಯಾಟರಿ ಅಂಗಡಿ. ಯಾವ ಬ್ಯಾಟರಿ ಯಾವುದಕ್ಕೆ ಎಂದು ವಿವರಿಸುವುದು ನನಗೆ ಖುಷಿ. ಎಲ್ಲ ಕೇಳಿಕೊಂಡು ಹೋಗಿ ಬೇರೆಯದನ್ನೇ ಮಾಡುವುದು ಗಿರಾಕಿಗಳಿಗೆ ಖುಷಿ. ಹಾಗಾಗಿ ವಾರಕ್ಕೊಂದು ಫಜೀತಿ ಇದ್ದದ್ದೇ.

೧. ಪೂರ್ತಿ ಖಾಲಿ

ಸಿದ್ದಾಪುರದ ನಿವೃತ್ತ ಮಾಸ್ತರರು ಹೆಂಡತಿಯ ಜೊತೆ ಬಂದರು. ಹೊಸ ಮೊಬೈಲಿನ ಬ್ಯಾಟರಿ ಆಗಲೇ ಹೈರಾಣಾಗಿತ್ತು. ವಿಚಾರಿಸಿದರೆ, ದಿನಾ ಹಾಡಹಗಲೇ ಟಾರ್ಚ್ ಹಚ್ಚಿಟ್ಟು, ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಾಕುತ್ತಿದ್ದರಂತೆ!

"ಅದು ಹಳೇ ನಿಕಲ್ ಕ್ಯಾಡ್ಮಿಯಂ ಸೆಲ್ಲಿನ ಶಾಸ್ತ್ರ ಸರ್. ಲಿಥಿಯಂಗೆ ಉಪವಾಸ ಆಗಿಬರೋದಿಲ್ಲ. ಸ್ವಲ್ಪ ಇರುವಾಗಲೇ ಚಾರ್ಜ್ ಮಾಡಿ" ಎಂದೆ. ಮಾಸ್ತರರು ಒಪ್ಪಿ ಹೊರಗೆ ಹೋಗಿ ಚಪ್ಪಲಿ ಮೆಟ್ಟತೊಡಗಿದರು. ಅಷ್ಟರಲ್ಲಿ ಅವರ ಹೆಂಡತಿ ನನ್ನತ್ತ ಬಗ್ಗಿ ಪಿಸುಗುಟ್ಟಿದರು:

"ತಮಾ, ಎಂತಕ್ಕೆ ಹೇಳಿದೆ? ಫೋನ್ ಸತ್ತಾಗ ಮಾತ್ರ ಅವು ಎನ್ನ ಹತ್ರ ಮಾತಾಡ್ತಿದ್ದ!"

೨. ತೂಕದ ಮಾಲು

ಬನವಾಸಿ ಕಡೆಯ ರೈತರೊಬ್ಬರಿಗೆ ಬೆನ್ನಿಗೆ ಹಾಕಿಕೊಳ್ಳುವ ಔಷಧಿ ಪಂಪಿಗೆ ಬ್ಯಾಟರಿ ಬೇಕಿತ್ತು. ಲಿಥಿಯಂ ಕೊಟ್ಟೆ. ಅಂಗೈಯಲ್ಲಿ ಕುಣಿಸಿ ನೋಡಿದರು.

"ಇದರಾಗ ಏನೈತ್ರಿ? ಗಾಳಿ ತುಂಬ್ಯಾರೇನು? ಆ ದಪ್ಪಂದು ಕೊಡ್ರಿ."

ದಪ್ಪನೆಯದು ಲೆಡ್ ಆಸಿಡ್. ಎತ್ತಿ ನೋಡಿ, "ಇದು ಮಾಲು ಅಂದ್ರ!" ಎಂದು ಒಯ್ದೇಬಿಟ್ಟರು. ವಾರ ಕಳೆದು, ಸೊಂಟ ಹಿಡಿದುಕೊಂಡು ಹಾಜರ್.

"ಬ್ಯಾಟರಿ ಕೈಕೊಟ್ಟಿತೇ?"

"ಛೇ, ಬ್ಯಾಟರಿ ಗಟ್ಟಿ ಐತ್ರಿ. ನನಗ ಆಗವಲ್ದು ಅಂತ ಒಬ್ಬ ಆಳು ಹಚ್ಚೇನಿ. ಅಂವ ಲಿಥಿಯಂ ತಂದ್ರಷ್ಟ ಪಂಪ್ ಏರಿಸ್ತೇನಿ ಅಂತ ಕುಂತಾನ್ರಿ!"

೩. ಕೃಷ್ಣನ ಮೈಕು

ಕಾನಸೂರಿನ ಪರಿಚಯದವರೊಬ್ಬರು ಬಂದು, "ತಮಾ, ಮೈಕಿಗೆ ಇದ್ದಿದ್ರಲ್ಲಿ ಬೇಗ ಸಾಯೋ ಸೆಲ್ ಕೊಡು" ಎಂದಾಗ ನಾನು ಕಣ್ಣುಕಣ್ಣು ಬಿಟ್ಟೆ.

ಸಂಗತಿ ಇಷ್ಟು. ಅವರ ಅಂಗಳದಲ್ಲಿ ಮಧ್ಯಾಹ್ನ ತಾಳಮದ್ದಳೆ. ಕೃಷ್ಣನ ಪಾತ್ರದಲ್ಲಿ ಅರ್ಥ ಹೇಳುವವರು ಮಾತಿಗೆ ನಿಂತರೆ ಮುಗಿಸುವವರಲ್ಲ. ಹೋದ ವರ್ಷ ಅವರ ದೆಸೆಯಿಂದ ಊರಿನ ಕೊನೇ ಬಸ್ಸು ತಪ್ಪಿ, ಸಭೆಗೆ ಸಭೆಯೇ ಇವರ ಮನೆಯಲ್ಲಿ ಊಟಕ್ಕೆ ಕೂತಿತ್ತು.

"ಈ ಸಲಾನೂ ಅಷ್ಟೂ ಜನಕ್ಕೆ ಬೇಯಿಸಿ ಹಾಕವು ಅಂದ್ರೆ ಆನು ಅಪ್ಪನ ಮನೆಗೆ ಹೋಗ್ತೆ ಹೇಳಿ ಹೆಂಡ್ತಿ ಚೀಲ ತುಂಬಿ ಇಟ್ಟಿದ್ದು!"

ಪಾಪ ಅನಿಸಿತು. ಹೊಸ ಲಿಥಿಯಂ ಸೆಲ್ಲಾದರೆ ಕೃಷ್ಣ ಸಂಜೆಯವರೆಗೂ ಎಳೆಯುತ್ತಿದ್ದ. ಎಸೆಯಲೆಂದು ಇಟ್ಟಿದ್ದ ಹಳೇ ನಿಕಲ್ ಸೆಲ್ ತುಂಬಿಕೊಟ್ಟೆ. ಫಲಿತಾಂಶ ನೋಡಲು ನಾನೂ ಹೋದೆ.

ಎಣಿಸಿದ ಹಾಗೇ ಆಯಿತು. ನಾಲ್ಕೂವರೆಗೆ ಮೈಕು ಗೊಟಕ್! ಜನ ಮೆಲ್ಲಗೆ ಚೀಲ ಎತ್ತಿಕೊಂಡರು. ಮನೆಯ ಯಜಮಾನರು ಖುಷಿಯಿಂದ ನನ್ನ ತೊಡೆ ಚಿವುಟಿದರು.

ಕೃಷ್ಣ ಮೈಕನ್ನೊಮ್ಮೆ ತಟ್ಟಿ, ಹಿಂದಿನ ಸಾಲಿನತ್ತ ನೋಡಿ ಕೇಳಿದರು: "ಅಲ್ಲಿಗೆ ಕೇಳ್ಸಿದ್ದೋ?"

ಹಿಂದೆ ಕೂತಿದ್ದ ಸಭ್ಯಸ್ಥರೊಬ್ಬರು ಸುಮ್ಮನಿರಬಾರದೇ! "ಎಂತದೂ ಕೇಳಿದ್ದಿಲ್ಲೆ" ಎಂದುಬಿಟ್ಟರು.

"ಅಯ್ಯಯ್ಯೋ, ಬೇಜಾರ ಮಾಡಡಿ" ಎಂದ ಕೃಷ್ಣ ಮೈಕು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ ಶುರು ಮಾಡಿದರು. ಎದುರೆದುರೇ ಎದ್ದು ಹೋಗಲು ಯಾರಿಗೂ ಧೈರ್ಯ ಬರಲಿಲ್ಲ.

ಆ ದಿನ ಕೊನೇ ಬಸ್ಸು ಸಿಕ್ಕಿದ್ದು ಒಬ್ಬರಿಗೇ, ಯಜಮಾನರ ಹೆಂಡತಿಗೆ.